ಗಾಂಧಿ ಜಯಂತಿ ಭಾಷಣಕ್ಕೆ ಯಾವ ಗಾಂಧಿ? ದಂಡಿನಾ, ಚಂಪಾರಣಾ, ಈಸೂರಾ?

ಸೆಪ್ಟೆಂಬರ್ ಅರ್ಧ ಆಯ್ತು ಅಂದ್ರೆ ನಮ್ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲೆಲ್ಲಾ ಒಂದೇ ಮೆಸೇಜು, ಅಕ್ಟೋಬರ್ 2ಕ್ಕೆ ಮಗಳಿಗೆ ಭಾಷಣ ಬೇಕು ಯಾರಾದ್ರೂ ಇದ್ರೆ ಕಳ್ಸಿ ಅಂತ. ಯಾರೋ ಒಬ್ರು ಎಲ್ಲಿಂದಲೋ ಫಾರ್ವರ್ಡ್ ಮಾಡ್ತಾರೆ, ಅದನ್ನೇ ಹತ್ತು ಮಕ್ಳು ಬಾಯಿಪಾಠ ಹೊಡ್ಕೊಂಡು ಬರ್ತಾವೆ. 1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ್ರು ಅಂತ ಶುರು, 1948ರಲ್ಲಿ ಗುಂಡೇಟಿಗೆ ಬಲಿಯಾದ್ರು ಅಂತ ಎಂಡು, ಮಧ್ಯ 78 ವರ್ಷದ ಜೀವನ ಮೂರು ನಿಮಿಷದಲ್ಲಿ ಮುಗ್ದೋಗಿರುತ್ತೆ. ಕೇಳೋರಿಗೆ ಎಂತದೂ ನೆನಪಿರಲ್ಲ, ಹೇಳಿದ ಮಗೂಗೂ ನೆನಪಿರಲ್ಲ.

ಅದಕ್ಕೇ ಈ ಸಲ ಒಂದು ಮಾಡಿ. ಪೂರ್ತಿ ಗಾಂಧಿ ಬೇಡ, ಒಂದು ತುಂಡು ಸಾಕು. ಯಾವ ತುಂಡು ಅನ್ನೋದೇ ಪ್ರಶ್ನೆ, ಯಾಕಂದ್ರೆ ಎಲ್ಲಾ ತುಂಡೂ ಎಲ್ಲಾ ಮಕ್ಳಿಗೂ ಹೊಂದಲ್ಲ. ನಾನು ನೋಡೋದು ಮುಖ್ಯವಾಗಿ ಒಂದೇ ವಿಷಯ: ಅಹಿಂಸೆ ಅಂತ ಬರೀ ಪದ ಹೇಳ್ದೆ, ಅದು ಅಲ್ಲಿ ಹೆಂಗ್ ಕೆಲ್ಸ ಮಾಡ್ತು, ಎದುರಾಳಿ ಯಾಕೆ ಬಗ್ಗಬೇಕಾಯ್ತು ಅಂತ ಈ ಮಗು ತೋರ್ಸಕ್ಕೆ ಆಗುತ್ತಾ? ಆದ್ರೆ ಅದನ್ನ ತಗೊಳ್ಳಿ, ಆಗಲ್ಲ ಅಂದ್ರೆ ಎಷ್ಟೇ ಫೇಮಸ್ ಕಥೆ ಆಗಿದ್ರೂ ಬಿಡಿ. ಇನ್ನು ಟೈಮು, ಎಷ್ಟು ಮಕ್ಳು, ಡ್ರೆಸ್ಸು ಇವೆಲ್ಲಾ ಆಮೇಲೆ.

ದಂಡಿಯಿಂದಾನೇ ಶುರು ಮಾಡೋಣ, ಎಲ್ರೂ ಅದನ್ನೇ ತಾನೆ ತಗೊಳೋದು. ಒಳ್ಳೇ ಕಾರಣಾನೂ ಇದೆ, ಅಷ್ಟು ಚೆನ್ನಾಗಿ ಕಣ್ಣಿಗೆ ಕಟ್ಟೋ ಘಟನೆ ಇನ್ನೊಂದಿಲ್ಲ. 1930ರ ಮಾರ್ಚ್ 12ಕ್ಕೆ ಸಾಬರಮತಿ ಆಶ್ರಮದಿಂದ 78 ಜನರ ಜೊತೆ ಹೊರಟ್ರು, ಆಗ ವಯಸ್ಸು 60, ಹತ್ತಿರಹತ್ತಿರ 390 ಕಿಲೋಮೀಟರ್ ನಡೆದು ಏಪ್ರಿಲ್ 5ಕ್ಕೆ ದಂಡಿ ತಲುಪಿ 6ನೇ ತಾರೀಕು ಬೆಳಿಗ್ಗೆ ಉಪ್ಪು ಎತ್ತಿದ್ರು. ಪ್ರಾಪ್ ಕೂಡ ಸುಲಭ, ಒಂದು ಕೋಲು, ಕನ್ನಡಕ, ಒಂದು ಮುಷ್ಟಿ ಕಲ್ಲುಪ್ಪು. ಸಮಸ್ಯೆ ಏನಂದ್ರೆ ಮಕ್ಳು ಉಪ್ಪು ಎತ್ತಿದ ತಕ್ಷಣ ಚಪ್ಪಾಳೆ ತಗೊಂಡು ಇಳ್ದುಬಿಡ್ತಾವೆ. ಉಪ್ಪು ಎತ್ತಿದ್ರೆ ಸಾಮ್ರಾಜ್ಯ ಯಾಕೆ ಅಲ್ಲಾಡ್ಬೇಕು? ಅದನ್ನ ಹೇಳ್ಬೇಕು ಅಂದ್ರೆ ಎರಡು ವಿಷಯ ಸೇರಿಸ್ಲೇಬೇಕು. ಒಂದು, ಹೊರಡೋಕೆ ಹತ್ತು ದಿನ ಮುಂಚೆ ಮಾರ್ಚ್ 2ಕ್ಕೇ ವೈಸರಾಯ್ ಇರ್ವಿನ್‌ಗೆ ಪತ್ರ ಬರೆದು ನಾನು ಉಪ್ಪಿನ ಕಾನೂನು ಮುರಿತೀನಿ ಅಂತ ಮೊದ್ಲೇ ತಿಳಿಸಿದ್ರು, ಕದ್ದುಮುಚ್ಚಿ ಏನೂ ಇಲ್ಲ. ಎರಡು, ಮೇ ತಿಂಗಳಲ್ಲಿ ಗಾಂಧೀನ ಅರೆಸ್ಟ್ ಮಾಡಿದ ಮೇಲೆ ಮೇ 21ಕ್ಕೆ ಧರಾಸಣದಲ್ಲಿ ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ಸತ್ಯಾಗ್ರಹಿಗಳು ಸಾಲು ಸಾಲಾಗಿ ಉಪ್ಪಿನ ಡಿಪೋ ಕಡೆ ನಡೆದ್ರು, ಪೊಲೀಸ್ರು ಲಾಠೀಲಿ ತಲೆಗೆ ಹೊಡೀತಾ ಹೋದ್ರು, ಇವ್ರು ಕೈ ಕೂಡ ಅಡ್ಡ ಹಿಡೀಲಿಲ್ಲ. ವೆಬ್ ಮಿಲ್ಲರ್ ಅನ್ನೋ ಅಮೆರಿಕನ್ ವರದಿಗಾರ ಅದನ್ನ ನೋಡಿ ಬರೆದಿದ್ದು ಪ್ರಪಂಚ ಎಲ್ಲಾ ಓದ್ತು. ಅಸಲಿ ಪೆಟ್ಟು ಬಿದ್ದಿದ್ದು ಅಲ್ಲಿ. ಧರಾಸಣ ಇಲ್ದೆ ದಂಡಿ ಮಾಡಿದ್ರೆ ಅದು ಬರೀ ಛದ್ಮವೇಷ.

ಕರ್ನಾಟಕದ್ದು ಏನಾದ್ರೂ ಬೇಕು ಅಂದ್ರೆ ದಂಡಿಗೆ ಹೋದವ್ರಲ್ಲಿ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ರು, ಆಗ ಇನ್ನೂ ಹದಿಹರೆಯದ ಹುಡುಗ, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ್ರು. ಘಟ್ಟ ಇಳಿದ್ರೆ ಅಂಕೋಲ, ಅಲ್ಲೂ 1930ರ ಏಪ್ರಿಲ್‌ನಲ್ಲೇ ಉಪ್ಪು ಮಾಡಿದ್ರು, ಆಮೇಲೆ ಅಂಕೋಲ ಸಿದ್ದಾಪುರ ಕಡೆ ರೈತ್ರು ಕಂದಾಯಾನೇ ಕಟ್ಟಲ್ಲ ಅಂತ ಕೂತು ಜಮೀನು ಕಳ್ಕೊಂಡ್ರು. ಸಾಗರದ ಮಕ್ಳಿಗೆ ಸಿದ್ದಾಪುರ ಪಕ್ಕದೂರು, ಅದು ದಂಡಿಗಿಂತ ಹತ್ರ ಆಗುತ್ತೆ. ಒಟ್ನಲ್ಲಿ ದಂಡಿ ಅಂದ್ರೆ 5ರಿಂದ 7ನೇ ಕ್ಲಾಸು, ಗುಂಪಲ್ಲಿ ಮಾಡೋಕೆ. ಒಬ್ಳೇ ಹುಡುಗಿ ಭಾಷಣ ಮಾಡೋದಾದ್ರೆ ಅವತ್ತು ಇನ್ನೂ ನಾಲ್ಕು ದಂಡಿ ಇರುತ್ತೆ ಅಂತ ತಿಳ್ಕೊಂಡೇ ಕಳ್ಸಿ.

ದಕ್ಷಿಣ ಆಫ್ರಿಕಾ ಎರಡನೇ ಫೇವರಿಟ್ಟು. ಅದ್ರಲ್ಲೂ ಎಲ್ರೂ ಹೇಳೋದು 1893ರ ಪೀಟರ್‌ಮಾರಿಟ್ಸ್‌ಬರ್ಗ್ ಸ್ಟೇಷನ್ನು, ಫಸ್ಟ್ ಕ್ಲಾಸ್ ಟಿಕೆಟ್ ಇದ್ರೂ ಆಚೆ ತಳ್ಳಿದ್ದು. ನನ್ ಕೇಳಿದ್ರೆ ಅದು ಬೇಡ. ಅದ್ರಲ್ಲಿ ಅವಮಾನ ಇದೆ, ಹೋರಾಟ ಇನ್ನೂ ಶುರು ಆಗಿಲ್ಲ. ಅದ್ರ ಬದ್ಲು 1906ರ ಸೆಪ್ಟೆಂಬರ್ 11 ಹಿಡೀರಿ, ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಲ್ಲಿ ಭಾರತೀಯರೆಲ್ಲಾ ಸೇರಿ ಬೆರಳಚ್ಚು ಕೊಟ್ಟು ರಿಜಿಸ್ಟರ್ ಮಾಡ್ಕೊಳ್ಳೋ ಕಾನೂನಿಗೆ ತಲೆಬಾಗಲ್ಲ ಅಂತ ಆಣೆ ಮಾಡಿದ ದಿನ, 1908ರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಸರ್ಟಿಫಿಕೇಟ್ ಬೆಂಕಿಗೆ ಹಾಕಿದ್ದು, ಇಲ್ಲಾಂದ್ರೆ 1913. ಹುಡುಗಿಯರಿಗೆ 1913 ಬಹಳ ಚೆನ್ನಾಗಿದೆ. ಕ್ರಿಶ್ಚಿಯನ್ ಪದ್ಧತಿಯಲ್ಲಿ ಆಗದ ಮದುವೆ ಮದುವೇನೇ ಅಲ್ಲ ಅನ್ನೋ ಥರ ಕೋರ್ಟಿಂದ ತೀರ್ಪು ಬಂತು, ಹೆಂಗಸರು ಬೀದಿಗಿಳಿದ್ರು, ಕಸ್ತೂರಬಾ ಜೈಲಿಗೆ ಹೋದ್ರು, ವಳ್ಳಿಯಮ್ಮ ಅನ್ನೋ 16 ವರ್ಷದ ತಮಿಳು ಹುಡುಗಿ ಜೈಲಲ್ಲಿ ಕಾಯಿಲೆ ಬಿದ್ದು ಬಿಡುಗಡೆ ಆಗಿ 1914ರಲ್ಲಿ ತೀರ್ಕೊಂಡ್ಳು. ಕೂಲಿ ಒಪ್ಪಂದ ಮುಗಿದವ್ರ ಮೇಲೆ ಹಾಕ್ತಿದ್ದ ಮೂರು ಪೌಂಡ್ ತಲೆಗಂದಾಯ ಕೊನೆಗೆ ರದ್ದಾಯ್ತು, ಗಾಂಧಿ 1915ರ ಜನವರಿಯಲ್ಲಿ ವಾಪಸ್ ಬಂದ್ರು.

ಇದು ಪಿಯುಸಿ ಮಕ್ಳಿಗೆ ಸರಿ. ಯಾಕಂದ್ರೆ ಈಗ ಯಾರಾದ್ರೂ ಕೇಳೇ ಕೇಳ್ತಾರೆ, ಅಲ್ಲಿನ ಕಪ್ಪು ಜನರ ಬಗ್ಗೆ ಗಾಂಧಿ ಶುರುನಲ್ಲಿ ಕೀಳಾಗಿ ಬರೆದಿದ್ರಲ್ಲ ಅಂತ. ಬರೆದಿದ್ರು, ಹೌದು. ಮೊದಮೊದಲ ಬರಹಗಳಲ್ಲಿ ಅದು ಇದೆ, ಹೋರಾಟಾನೂ ಭಾರತೀಯರದ್ದಷ್ಟೇ ಆಗಿತ್ತು. ಅದನ್ನ ಒಪ್ಕೊಂಡು ಮುಂದೆ ಮಾತಾಡೋ ಧೈರ್ಯ ಇರೋ ಹುಡುಗ ಹುಡುಗಿಗೆ ಮಾತ್ರ ಈ ಟಾಪಿಕ್ ಕೊಡಿ.

ಈಗ ನನ್ ವೋಟು ಯಾವುದಕ್ಕೆ ಅಂದ್ರೆ ಚಂಪಾರಣ್, 1917. ಮಲೆನಾಡಿನ ಮಕ್ಳಿಗೆ ಇದ್ರಷ್ಟು ಬೇಗ ಅರ್ಥ ಆಗೋದು ಬೇರೆ ಇಲ್ಲ, ಗೇಣಿ ಅಂದ್ರೆ ಏನು ಅಂತ ಇಲ್ಲಿ ಯಾವ ಅಜ್ಜನ್ನ ಕೇಳಿದ್ರೂ ಅರ್ಧ ಗಂಟೆ ಹೇಳ್ತಾರೆ. ಬಿಹಾರದ ಚಂಪಾರಣ್ ಜಿಲ್ಲೇಲಿ ಬಿಳಿ ಪ್ಲಾಂಟರುಗಳು ತಮ್ಮ ರೈತರಿಗೆ ಪ್ರತಿ 20 ಕಟ್ಠಾ ಜಮೀನಲ್ಲಿ 3 ಕಟ್ಠಾ ಕಡ್ಡಾಯವಾಗಿ ನೀಲಿ (ಬಟ್ಟೆಗೆ ಬಣ್ಣ ಕೊಡೋ ಇಂಡಿಗೋ ಗಿಡ) ಬೆಳೀಬೇಕು ಅಂತ ಕಟ್ಟುಪಾಡು ಮಾಡಿದ್ರು, ತೀನ್‌ಕಠಿಯಾ ಅಂತಿದ್ರು ಅದನ್ನ. ನಮ್ ಲೆಕ್ಕಕ್ಕೆ ತಂದ್ರೆ ಎಕರೆಗೆ 40 ಗುಂಟೆ, ಅದ್ರಲ್ಲಿ 6 ಗುಂಟೆ ನಿಮ್ದಲ್ಲ. ನಿಮ್ಮ ಗದ್ದೆಯಲ್ಲಿ ಚೆನ್ನಾಗಿರೋ ಆರು ಗುಂಟೇಲಿ ಭತ್ತ ಬಿಟ್ಟು ಒಡೆಯ ಹೇಳಿದ್ದು ಬೆಳೆದು ಅವನು ಹೇಳಿದ ರೇಟಿಗೆ ಕೊಡ್ಬೇಕು ಅಂತ ಹೇಳಿ ನೋಡಿ, ಏಳನೇ ಕ್ಲಾಸಿನ ಹುಡುಗನೂ ಅದೆಂಗೆ ಅಂತ ಕೇಳ್ತಾನೆ. ಆಮೇಲೆ ಜರ್ಮನಿಯವ್ರು ಕೃತಕ ನೀಲಿ ಕಂಡುಹಿಡಿದು ಮಾರ್ಕೆಟ್ಟಿಗೆ ಬಿಟ್ರು, ನೀಲಿ ರೇಟು ಬಿದ್ದೋಯ್ತು. ಪ್ಲಾಂಟರುಗಳು ಏನ್ ಮಾಡಿದ್ರು, ಸರಿ ಇನ್ನು ನೀಲಿ ಬೆಳೀಬೇಡಿ ಆದ್ರೆ ಅದ್ರಿಂದ ಬಿಡುಗಡೆ ಬೇಕು ಅಂದ್ರೆ ಗೇಣಿ ಜಾಸ್ತಿ ಕೊಡಿ ಇಲ್ಲಾ ಒಂದೇ ಸಲ ದುಡ್ಡು ಕಟ್ಟಿ ಅಂದ್ರು, ನಷ್ಟ ಪೂರ್ತಿ ರೈತನ ತಲೆಗೆ. ಅಡಿಕೆ ರೇಟಿನ ಜೊತೆ ಏಳ್ತಾ ಬೀಳ್ತಾ ಬದುಕೋ ನಮ್ಮೋರಿಗೆ ಇದನ್ನ ಇನ್ನೂ ಬಿಡಿಸಿ ಹೇಳ್ಬೇಕಾ?

ಕಥೆಯ ಹೀರೋ ಮೊದಲಿಗೆ ಗಾಂಧಿ ಅಲ್ಲವೇ ಅಲ್ಲ, ರಾಜಕುಮಾರ್ ಶುಕ್ಲ ಅನ್ನೋ ಒಬ್ಬ ರೈತ. 1916ರ ಡಿಸೆಂಬರಲ್ಲಿ ಲಖನೌ ಕಾಂಗ್ರೆಸ್ಸಿಗೆ ಬಂದು ಗಾಂಧೀನ ಹಿಡ್ಕೊಂಡ, ಬಿಡ್ಲೇ ಇಲ್ಲ, ಹೋದಲ್ಲೆಲ್ಲಾ ಹಿಂದೆ ಬಿದ್ದ. ಗಾಂಧಿಗೆ ಚಂಪಾರಣ್ ಅನ್ನೋ ಹೆಸರೂ ಗೊತ್ತಿರ್ಲಿಲ್ಲ. 1917ರ ಏಪ್ರಿಲ್‌ನಲ್ಲಿ ಮೋತಿಹಾರಿಗೆ ಹೋದ ಕೂಡ್ಲೇ ಜಿಲ್ಲೆ ಬಿಟ್ಟು ಹೋಗಿ ಅಂತ ನೋಟಿಸು. ಹೋಗಲ್ಲ ಅಂದ್ರು. ಏಪ್ರಿಲ್ 18ಕ್ಕೆ ಕೋರ್ಟು, ಹೊರಗಡೆ ರೈತರ ಜನಜಾತ್ರೆ. ಸರ್ಕಾರಿ ವಕೀಲ ವಾಯಿದೆ ಕೇಳ್ತಾನೆ, ಇವ್ರು ಎದ್ದು ಹೌದು ನಾನು ಆದೇಶ ಮುರಿದಿದೀನಿ, ಕಾನೂನಿಗೆ ಅಗೌರವ ಅಂತಲ್ಲ, ಮನಸ್ಸಾಕ್ಷಿ ಹೇಳಿದ ಮಾತು ಕೇಳ್ಬೇಕು, ಶಿಕ್ಷೆ ಕೊಡಿ ಅನ್ನೋ ಅರ್ಥದಲ್ಲಿ ಹೇಳಿಕೆ ಓದ್ತಾರೆ. ಮ್ಯಾಜಿಸ್ಟ್ರೇಟಿಗೆ ಏನ್ ಮಾಡ್ಬೇಕು ಗೊತ್ತಾಗ್ಲಿಲ್ಲ. ಇಲ್ಲೇ ನೋಡಿ, ನಾನು ಆಗ್ಲೇ ಹೇಳಿದ ಪರೀಕ್ಷೆ, ಎದುರಾಳಿ ಯಾಕೆ ಬಗ್ಗಿದ ಅಂತ. ಜೈಲಿಗೆ ಹಾಕಿದ್ರೆ ಇನ್ನೂ ದೊಡ್ಡದಾಗುತ್ತೆ, ಬಿಟ್ರೆ ಸೋತಂಗೆ. ಮೇಲಿಂದ ಕೇಸ್ ವಾಪಸ್ ತಗೊಳ್ಳಿ ಅಂತ ಆರ್ಡರ್ ಬಂತು. ಸ್ಟೇಜ್ ಮೇಲೆ ಎಂಟು ಮಕ್ಳಿದ್ರೆ ಈ ಕೋರ್ಟ್ ಸೀನ್ ಹತ್ತು ನಿಮಿಷಕ್ಕೆ ನೀಟಾಗಿ ಕೂರುತ್ತೆ, ಗಾಂಧಿ, ಶುಕ್ಲ, ವಕೀಲ, ಮ್ಯಾಜಿಸ್ಟ್ರೇಟ್, ಪ್ಲಾಂಟರ್, ಉಳಿದವ್ರು ರೈತರು. ಗಾಂಧಿ ಪಾತ್ರಕ್ಕೆ ಬೋಳುತಲೆ ಮೇಕಪ್ ಬೇಡ, ಆಗ ಅವ್ರು ಗುಜರಾತಿನ ಪೇಟ ಸುತ್ತೋ ಕಾಠಿಯಾವಾಡಿ ಡ್ರೆಸ್ಸಲ್ಲಿ ಇದ್ರು, ಬರೀ ಪಂಚೆಗೆ ಬಂದಿದ್ದು 1921ರಲ್ಲಿ ಮಧುರೈಯಲ್ಲಿ.

ಕೋರ್ಟಾದ ಮೇಲಿನ ಕೆಲ್ಸಾನೂ ಬಿಡ್ಬೇಡಿ, ಅದು ಬೋರು ಅನ್ಸುತ್ತೆ ಆದ್ರೆ ಅದೇ ಗಟ್ಟಿ. ರಾಜೇಂದ್ರ ಪ್ರಸಾದ್, ಬ್ರಜಕಿಶೋರ್ ಪ್ರಸಾದ್ ಥರದ ವಕೀಲ್ರನ್ನ ಕೂರಿಸ್ಕೊಂಡು ಸುಮಾರು 8,000 ರೈತರ ಹೇಳಿಕೆ ಬರೆಸಿದ್ರು, ಪ್ರಶ್ನೆ ಕೇಳಿ ಕೇಳಿ, ಸುಳ್ಳು ಅನ್ನಿಸಿದ್ದನ್ನ ಬಿಟ್ಟು. ಬರ್ಕೊಳೋವಾಗ ಪೊಲೀಸಿನವ್ರು ಪಕ್ಕದಲ್ಲೇ ಕೂತಿರ್ತಿದ್ರು, ಕೂತ್ಕೊಳ್ಳಿ ಅಂತ ಜಾಗ ಕೊಟ್ರು. ಸರ್ಕಾರ ವಿಚಾರಣಾ ಸಮಿತಿ ಮಾಡಿ ಗಾಂಧೀನೂ ಅದ್ರಲ್ಲಿ ಮೆಂಬರ್ ಮಾಡ್ತು. ಜಾಸ್ತಿ ವಸೂಲಿ ಮಾಡಿದ ದುಡ್ಡು ಎಷ್ಟು ವಾಪಸ್ ಅನ್ನೋ ಚೌಕಾಸಿಯಲ್ಲಿ ಶೇಕಡಾ 25ಕ್ಕೆ ಒಪ್ಕೊಂಡ್ರು. ನಾಲ್ಕಾಣೆಗೆ ಯಾಕೆ ಒಪ್ಪಿದ್ರು ಅಂತ ಸ್ಪರ್ಧೆಯ ಜಡ್ಜ್ ಕೇಳಿದ್ರೆ ಮಗು ಉತ್ತರ ರೆಡಿ ಇಟ್ಕೊಂಡಿರ್ಲಿ: ಒಡೆಯ ತಪ್ಪು ಒಪ್ಕೊಂಡು ಒಂದು ರೂಪಾಯಿ ವಾಪಸ್ ಕೊಟ್ರೂ ಅವನ ಜರ್ಬು ಹೋಯ್ತು, ರೈತನ ಭಯ ಹೋಯ್ತು. 1918ರ ಕಾಯ್ದೆಯಿಂದ ತೀನ್‌ಕಠಿಯಾ ಮುಗೀತು. 7ನೇ ಕ್ಲಾಸಿಂದ ಡಿಗ್ರಿವರೆಗೂ ಯಾರ್ ಬೇಕಾದ್ರೂ ಮಾಡ್ಬಹುದು.

ಇನ್ನು ಈಸೂರು. ಶಿವಮೊಗ್ಗ ಜಿಲ್ಲೆ ಅಂದ್ಮೇಲೆ ಈಸೂರು ಬಿಟ್ಟು ಮಾತಾಡೋದು ಹೆಂಗೆ ಮಾರಾಯ್ರೆ, ಅದೂ ಶಿಕಾರಿಪುರ ತಾಲ್ಲೂಕಿನ ಮಕ್ಳು. ಆದ್ರೆ ಎಲ್ಲಕ್ಕಿಂತ ಅತಿ ಕಷ್ಟದ ಟಾಪಿಕ್ ಇದೇ, ಅದನ್ನ ಯಾರೂ ಹೇಳಲ್ಲ. 1942ರ ಆಗಸ್ಟ್ 8ಕ್ಕೆ ಮುಂಬೈ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಮಾಡು ಇಲ್ಲವೇ ಮಡಿ ಅಂದ್ರು, ಮಾರನೇ ದಿನ ಬೆಳಗಿನ ಜಾವಕ್ಕೇ ಗಾಂಧೀನೂ ಸೇರಿ ಎಲ್ಲಾ ಲೀಡರುಗಳೂ ಒಳಗೆ. ದಾರಿ ತೋರ್ಸೋರು ಯಾರೂ ಹೊರಗಿಲ್ಲ. ಸೆಪ್ಟೆಂಬರಲ್ಲಿ ಈಸೂರಿನವ್ರು ನಮ್ಮೂರು ಸ್ವತಂತ್ರ ಅಂತ ಘೋಷಣೆ ಮಾಡಿ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದ್ರು, ಅಧಿಕಾರಿಗಳು ಒಳಗೆ ಬರೋ ಹಂಗಿಲ್ಲ ಅಂತ ಬೋರ್ಡ್ ಹಾಕಿದ್ರು, ಶಾನುಭೋಗರ ಲೆಕ್ಕದ ಪುಸ್ತಕ ಕಿತ್ಕೊಂಡ್ರು, ಜಯಣ್ಣ ಅನ್ನೋ ಹುಡುಗ ಅಮಲ್ದಾರ (ಈಗಿನ ತಹಶೀಲ್ದಾರ), ಮಲ್ಲಪ್ಪ ಅನ್ನೋ ಹುಡುಗ ಸಬ್ ಇನ್ಸ್‌ಪೆಕ್ಟರ್. ಏಸೂರು ಕೊಟ್ಟರೂ ಈಸೂರು ಕೊಡೆವು ಅನ್ನೋ ಮಾತು ಇವತ್ತಿಗೂ ಎಲ್ರ ಬಾಯಲ್ಲಿದೆ. ಇಷ್ಟರವರೆಗೆ ಮಕ್ಳ ನಾಟಕಕ್ಕೆ ಹೇಳಿ ಮಾಡ್ಸಿದಂಗಿದೆ, ಇಲ್ಲೇ ಎಲ್ರೂ ಕರ್ಟನ್ ಎಳೀತಾರೆ.

ಆಮೇಲೆ ಆಗಿದ್ದು ಬೇರೆ. ಸೆಪ್ಟೆಂಬರ್ 28ಕ್ಕೆ ಅಸಲಿ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಪೊಲೀಸ್ರನ್ನ ಕಟ್ಕೊಂಡು ಬಂದ್ರು, ಗಲಾಟೆ ಆಯ್ತು, ಇಬ್ರು ಅಧಿಕಾರಿಗಳೂ ಅಲ್ಲೇ ಸತ್ರು. ಮಿಲಿಟರಿ ಬಂತು, ಊರು ಲೂಟಿ ಆಯ್ತು, ಜನ ಕಾಡು ಸೇರಿದ್ರು, ಹೆಂಗಸರಿಗೂ ಜೈಲಾಯ್ತು. 1943ರ ಮಾರ್ಚಲ್ಲಿ ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಐದೂ ಜನಕ್ಕೆ ಬೆಂಗಳೂರು ಜೈಲಲ್ಲಿ ಗಲ್ಲು. ಇನ್ನೊಂದು, ಮಕ್ಳು ಬ್ರಿಟಿಷರು ಗಲ್ಲಿಗೆ ಹಾಕಿದ್ರು ಅಂತಾನೇ ಹೇಳೋದು, ಶಿವಮೊಗ್ಗ ಆಗ ಮೈಸೂರು ಸಂಸ್ಥಾನದಲ್ಲಿತ್ತು, ಕೇಸು ನಡೆಸಿದ್ದು ಮೈಸೂರು ಸರ್ಕಾರ. ಇದನ್ನ ಸರಿ ಮಾಡಿ ಕಳ್ಸಿ.

ಈಗ ಹೇಳಿ, ಅಹಿಂಸೆ ಮೇಲಿನ ಭಾಷಣಕ್ಕೆ ಇದನ್ನ ಹೆಂಗೆ ತಗೋತೀರಿ? ಎರಡು ಸಾವು ಮುಚ್ಚಿಟ್ರೆ ಸುಳ್ಳಾಗುತ್ತೆ, ಬರೀ ಅದನ್ನೇ ಹಿಡ್ಕೊಂಡ್ರೆ ಆ ಊರಿಗೆ ಅನ್ಯಾಯ. ನನ್ ಪ್ರಕಾರ ಇರೋ ದಾರಿ ಒಂದೇ, ಈಸೂರನ್ನ ಚೌರಿ ಚೌರಾ ಪಕ್ಕ ಇಟ್ಟು ಹೇಳೋದು. 1922ರ ಫೆಬ್ರವರಿಯಲ್ಲಿ ಚೌರಿ ಚೌರಾದಲ್ಲಿ ಜನ ಠಾಣೆಗೆ ಬೆಂಕಿ ಹಚ್ಚಿ 22 ಪೊಲೀಸ್ರು ಸತ್ತಾಗ ಗಾಂಧಿ ದೇಶದ ಇಡೀ ಚಳವಳೀನೇ ನಿಲ್ಸಿದ್ರು, ನೆಹರೂ ಅಂಥವ್ರಿಗೇ ಸಿಟ್ಟು ಬಂತು. 1942ರಲ್ಲಿ ಅಲ್ಲಲ್ಲಿ ಹಿಂಗೇ ಆದಾಗ ಗಾಂಧಿ ಪುಣೆಯ ಆಗಾ ಖಾನ್ ಅರಮನೇಲಿ ಬಂಧನದಲ್ಲಿದ್ರು. ಎಲ್ಲಾ ಹಿಂಸೆಗೂ ನೀವೇ ಕಾರಣ ಅಂತ ಸರ್ಕಾರ ಅಂತು, ನಾಯಕರನ್ನೆಲ್ಲಾ ಒಳಗೆ ಹಾಕಿ ಜನರನ್ನ ಕೆರಳಿಸಿದ್ದು ನೀವು ಅಂತ ಇವ್ರು ವಾದ ಮಾಡಿ 1943ರ ಫೆಬ್ರವರಿ 10ರಿಂದ 21 ದಿನ ಉಪವಾಸ ಕೂತ್ರು. ಉಪವಾಸ ಮುಗಿದಿದ್ದು ಮಾರ್ಚ್ 3, ಈಸೂರಿನವ್ರಿಗೆ ಗಲ್ಲಾಗಿದ್ದು ಅದೇ ತಿಂಗಳು. ಮುಂದಿನ ವರ್ಷ ಫೆಬ್ರವರಿ 22ಕ್ಕೆ ಕಸ್ತೂರಬಾ ಅದೇ ಅರಮನೇಲಿ ಹೋದ್ರು. ಇಷ್ಟನ್ನೂ ತೂಗಿ ಮಾತಾಡ್ಬೇಕು ಅಂದ್ರೆ ಮೂರು ನಿಮಿಷ ಸಾಲಲ್ಲ, ಏಳೆಂಟು ನಿಮಿಷ ಇರೋ ಕಾಲೇಜು ಸ್ಪರ್ಧೆಗೆ ಇಟ್ಕೊಳ್ಳಿ, ಚೆನ್ನಾಗಿ ಮಾಡಿದ್ರೆ ಇದನ್ನ ಮೀರಿಸೋ ಟಾಪಿಕ್ಕಿಲ್ಲ. ಪ್ರೈಮರಿ ಮಕ್ಳ ಕೈಗೆ ಕೊಡ್ಬೇಡಿ. ಸಾಧ್ಯ ಆದ್ರೆ ಒಂದು ಭಾನುವಾರ ಈಸೂರಿಗೇ ಕರ್ಕೊಂಡೋಗಿ ಆ ಸ್ಮಾರಕದ ಮುಂದೆ ನಿಲ್ಸಿ, ಶಿಕಾರಿಪುರದಿಂದ ದೂರ ಏನಿಲ್ಲ.

ಕೊನೇ ದಿನಗಳು, ಅಂದ್ರೆ 1946ರಿಂದ 48, ಇದು ಅಕ್ಟೋಬರಿಗಿಂತ ಜನವರಿ 30ಕ್ಕೆ ಹೊಂದುತ್ತೆ. ನನಗೆ ಪರ್ಸನಲಿ ಬಹಳ ಇಷ್ಟ. ದೇಶ 1947ರ ಆಗಸ್ಟ್ 15ಕ್ಕೆ ದೆಹಲೀಲಿ ಸಂಭ್ರಮ ಮಾಡ್ತಿದ್ರೆ ಇವ್ರು ಕಲ್ಕತ್ತಾದ ಬೆಲಿಯಾಘಾಟಾದ ಒಂದು ಹಾಳುಬಿದ್ದ ಮನೇಲಿ ಉಪವಾಸ ಕೂತಿದ್ರು. ಹಿಂದೂ ಮುಸ್ಲಿಂ ಗಲಭೆ ಮತ್ತೆ ಎದ್ದಾಗ ಸೆಪ್ಟೆಂಬರ್ 1ರಿಂದ ಊಟ ಬಿಟ್ರು, 4ನೇ ತಾರೀಕಿಗೆ ಎರಡೂ ಕಡೆಯವ್ರು ಬಂದು ಮಾತು ಕೊಟ್ರು, ಗೂಂಡಾಗಳು ಆಯುಧ ತಂದು ಮುಂದೆ ಇಟ್ರು, ಕಲ್ಕತ್ತಾ ತಣ್ಣಗಾಯ್ತು. ಅದಕ್ಕೆ ಮುಂಚೆ ಗಲಭೆ ಆಗಿದ್ದ ಪೂರ್ವ ಬಂಗಾಳದ ನವಾಖಾಲಿಯಲ್ಲಿ 77ನೇ ವಯಸ್ಸಲ್ಲಿ ಬರಿಗಾಲಲ್ಲಿ ಊರೂರು ನಡೆದಿದ್ರು. ಇದನ್ನ ಮಾಡೋವಾಗ ಯಾವ ಧರ್ಮದವ್ರನ್ನೂ ವಿಲನ್ ಮಾಡ್ದಂಗೆ ಸ್ಕ್ರಿಪ್ಟ್ ಬರೀಬೇಕು, ಚಿಕ್ಕ ಮಕ್ಳ ಕೈಗೆ ಪಿಸ್ತೂಲ್ ಕೊಟ್ಟು ಶೂಟಿಂಗ್ ಸೀನ್ ಮಾಡ್ಸೋದಂತೂ ದಯವಿಟ್ಟು ಬೇಡ, ಜನ ನಗ್ತಾರೆ.

ಒಂದರಿಂದ ನಾಲ್ಕನೇ ಕ್ಲಾಸಿನವ್ರಿಗೆ ಇದ್ಯಾವುದೂ ಬೇಡ, ನಮ್ಮ ಸಾಗರದ್ದೇ ಒಂದು ಕಥೆ ಇದೆ. 1927ರಲ್ಲಿ ಗಾಂಧಿ ನಂದಿ ಬೆಟ್ಟದಲ್ಲಿ ರೆಸ್ಟ್ ತಗೊಂಡು ಆಮೇಲೆ ಖಾದಿ ಪ್ರವಾಸಕ್ಕೆ ಅಂತ ಶಿವಮೊಗ್ಗ ಕಡೆ ಬಂದಿದ್ರು. ಸಾಗರಕ್ಕೆ ಬಂದವ್ರು ಜೋಗ ನೋಡ್ದೆ ಹೋಗ್ತಾರಾ? ಇವ್ರು ನೋಡ್ದೇನೇ ಹೋದ್ರು. ಜೊತೇಲಿದ್ದ ಕಾಕಾ ಕಾಲೇಲ್ಕರ್ ಎಷ್ಟು ಎತ್ತರದಿಂದ ನೀರು ಬೀಳುತ್ತೆ ಗೊತ್ತಾ ಬನ್ನಿ ಅಂತ ಕರೆದ್ರೆ, ಮಳೆ ಅದಕ್ಕಿಂತ ಎಷ್ಟು ಮೇಲಿಂದ ಬೀಳುತ್ತೆ ಅಂತ ಕೇಳಿ ಕೂತಲ್ಲೇ ಕೂತ್ರಂತೆ, ಕಾಲೇಲ್ಕರೇ ಹೇಳ್ಕೊಂಡಿದಾರೆ. ಎರಡು ನಿಮಿಷ ಸಾಕು, ಮಗು ನಗ್ತಾ ಹೇಳುತ್ತೆ, ಮಲೆನಾಡ ಮಳೆ ನೋಡಿರೋ ಸಭೆಯೂ ನಗುತ್ತೆ.

ಬದುಕು ಬೇಡ, ಗಾಂಧಿ ಹೋದ ಮೇಲೆ ಏನು ಉಳೀತು ಅಂತ ಮಾತಾಡ್ಬೇಕು ಅನ್ನೋರಿಗೆ ಕಾಗೋಡು ಸತ್ಯಾಗ್ರಹ. 1951, ಸಾಗರ ತಾಲ್ಲೂಕು, ಗೇಣಿ ಭತ್ತ ಅಳೆಯೋ ಕೊಳಗ ಒಡೆಯರು ದೊಡ್ಡದು ಇಟ್ಕೊಂಡಿದಾರೆ ಅನ್ನೋ ಜಗಳದಿಂದ ಶುರುವಾಗಿ, ಎಚ್. ಗಣಪತಿಯಪ್ಪನವ್ರು ಕಟ್ಟಿದ ರೈತ ಸಂಘ, ಸಮಾಜವಾದಿಗಳ ಬೆಂಬಲ, ಗೇಣಿದಾರ್ರು ಒಡೆಯರ ಗದ್ದೆಗೆ ನುಗ್ಗಿ ಉಳುಮೆ ಮಾಡಿ ಅರೆಸ್ಟ್ ಆಗೋದು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದು, ಮುಂದಿನ ವರ್ಷ ಶಾಂತವೇರಿ ಗೋಪಾಲಗೌಡ್ರು ಎಲೆಕ್ಷನ್ ಗೆದ್ದಿದ್ದು. ಸ್ವತಂತ್ರ ಬಂದ ಮೇಲೆ, ಕಾಂಗ್ರೆಸ್ ಸರ್ಕಾರದ ಎದುರಿಗೇ ಗಾಂಧಿ ದಾರಿ. ಚಂಪಾರಣ್ ಜೊತೆ ಜೋಡಿ ಮಾಡಿದ್ರೆ ಅಲ್ಲಿ ಕಟ್ಠಾ ಇಲ್ಲಿ ಕೊಳಗ, ಇಬ್ರು ಮಕ್ಳು ಅಕ್ಕಪಕ್ಕ ನಿಂತು ಒಬ್ಬೊಬ್ರು ಒಂದೊಂದು ಹೇಳ್ಬಹುದು. ಒಂದು ಎಚ್ಚರಿಕೆ, ಆ ಒಡೆಯರ ಮೊಮ್ಮಕ್ಳು ಗೇಣಿದಾರರ ಮೊಮ್ಮಕ್ಳು ಇಬ್ರೂ ಅದೇ ಕ್ಲಾಸಲ್ಲಿ ಇರ್ತಾರೆ, ಜಾತಿ ಹೆಸರು ಹಿಡಿದು ಬೈಯೋ ಡೈಲಾಗ್ ಬೇಡ.

ಕಾಲೇಜು ಚರ್ಚಾಸ್ಪರ್ಧೆಗೆ ಹೋಗೋರು ಯಾವ ಟಾಪಿಕ್ ತಗೊಂಡ್ರೂ 1932ಕ್ಕೆ ರೆಡಿ ಇರಿ, ಪ್ರಶ್ನೆ ಅಲ್ಲಿಂದಾನೇ ಬರೋದು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ (ಅವ್ರ ಸೀಟಿಗೆ ಅವ್ರಷ್ಟೇ ಓಟು ಹಾಕೋದು) ಅಂತ ಬ್ರಿಟಿಷ್ ಸರ್ಕಾರ ಆಗಸ್ಟಲ್ಲಿ ತೀರ್ಮಾನ ಕೊಡ್ತು, ಗಾಂಧಿ ಯರವಾಡ ಜೈಲಲ್ಲಿ ಸೆಪ್ಟೆಂಬರ್ 20ರಿಂದ ಆಮರಣ ಉಪವಾಸ, 24ಕ್ಕೆ ಪೂನಾ ಒಪ್ಪಂದ, ಪ್ರತ್ಯೇಕ 71 ಸೀಟಿನ ಬದ್ಲು ಎಲ್ರೂ ಸೇರಿ ಓಟು ಹಾಕೋ ಜಂಟಿ ಮತಕ್ಷೇತ್ರದಲ್ಲಿ 148 ಮೀಸಲು ಸೀಟು. ಸೀಟು ಜಾಸ್ತಿ ಆಯ್ತಲ್ಲ ಅಂತ ಹೇಳಿ ಕೂತ್ರೆ ಮಾರ್ಕ್ಸ್ ಹೋಯ್ತು, ಯಾಕಂದ್ರೆ ಅಂಬೇಡ್ಕರ್ ಅವ್ರ ತಕರಾರು ಸೀಟಿನ ಲೆಕ್ಕದ್ದಾಗಿರ್ಲಿಲ್ಲ, ನಮ್ಮ ಪ್ರತಿನಿಧೀನ ನಾವೇ ಆರಿಸ್ಬೇಕು ಅನ್ನೋದಾಗಿತ್ತು, ಒಬ್ರ ಪ್ರಾಣ ಪಣಕ್ಕಿಟ್ಟಾಗ ಎದುರಿಗೆ ಕೂತವ್ರಿಗೆ ಬೇಡ ಅನ್ನೋ ಸ್ವಾತಂತ್ರ್ಯ ಎಷ್ಟಿರುತ್ತೆ ಅನ್ನೋದೂ ಆಗಿತ್ತು. ಚಂಪಾರಣ್‌ನಲ್ಲಿ ಎದುರಿಗಿದ್ದಿದ್ದು ಪ್ಲಾಂಟರು, ಇಲ್ಲಿ ಎದುರಿಗಿದ್ದಿದ್ದು ಅಂಬೇಡ್ಕರ್. ಇದನ್ನ ಗಾಂಧಿ ಪರ ನಿಂತೋರೇ ಮೊದ್ಲು ಬಾಯಿಬಿಟ್ಟು ಹೇಳ್ಲಿ, ಆಮೇಲೆ ವಾದ ಮಾಡ್ಲಿ.